ಅಂಕಕ್ಕಿಂತ ಮೊದಲು ಕ್ರಮ

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಬಂದೂಕಿನ ಅಭ್ಯಾಸ ಹೊಸತಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಅಲ್ಲಿ ರೈಫಲ್ ಸ್ವಯಂಸೇವಕರ ದಳವೊಂದಿತ್ತು. ಆ ದಳವು ಮರೆಯಾಯಿತು. 2001ರಲ್ಲಿ ಗಣಿಗಳೂ ಮುಚ್ಚಿದವು. ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ನಿತ್ಯ ದುಡಿಯಲು ಹೋಗುವವರ ಮಕ್ಕಳು ಎನ್.ಸಿ.ಸಿ. ಸೇರಿ ರೈಫಲ್ ಹಿಡಿದಾಗ, ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ “ಎಷ್ಟು ಅಂಕ ಬಂತು?” ಎಂಬುದೇ. ಈ ಪ್ರಶ್ನೆ ಬದಲಾಗಬೇಕೆಂಬುದು ನಮ್ಮ ವಿನಂತಿ.

10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಹಾರಿಸಬೇಕಾದ ಗುಂಡುಗಳು 60. ಅದೃಷ್ಟವು ಅಷ್ಟು ಬಾರಿ ಕೈಹಿಡಿಯದು.

ಕೈಹಿಡಿಯುವುದು ಕ್ರಮ. ಪ್ರತಿ ಸಲವೂ ರೈಫಲಿನ ಹಿಂಬದಿ ಭುಜದ ಅದೇ ತಾಣದಲ್ಲಿ, ಕೆನ್ನೆ ಅದೇ ಒತ್ತಿನಲ್ಲಿ ನೆಲೆಸಬೇಕು. ಕಣ್ಣು ಮುಚ್ಚಿ, ಮೈ ಸಡಿಲಿಸಿ, ಮತ್ತೆ ತೆರೆದಾಗ ನಳಿಗೆಯು ಗುರಿಯಿಂದ ಸರಿದಿದ್ದರೆ ತೋಳಿನಿಂದ ಎಳೆಯಬಾರದು. ನಿಂತವರು ಪಾದಗಳನ್ನು, ಮಲಗಿದವರು ಮೈಯನ್ನು ಸರಿಸಿಕೊಳ್ಳಬೇಕು. ಉಸಿರನ್ನು ಅರ್ಧ ಬಿಟ್ಟು ತಡೆದು, ಟ್ರಿಗರನ್ನು ಮೆಲ್ಲನೆ ಒತ್ತಬೇಕು. ಗುಂಡು ಹಾರಿದ ಮೇಲೂ ಕ್ಷಣಕಾಲ ಅಲುಗಬಾರದು. ಎಂಟು-ಹತ್ತು ಸೆಕೆಂಡುಗಳಲ್ಲಿ ಗುರಿ ನೆಲೆಗೊಳ್ಳದಿದ್ದರೆ ರೈಫಲನ್ನು ಇಳಿಸಿ ಮೊದಲಿನಿಂದ ಆರಂಭಿಸಬೇಕು. ಹಾಗೆ ಇಳಿಸುವ ತಾಳ್ಮೆಯೇ ಕಲಿಯಲು ಅತ್ಯಂತ ಕಠಿಣವಾದುದು.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನವನ್ನು ತಂದದ್ದು ಏರ್ ರೈಫಲ್ ಸ್ಪರ್ಧೆಯಲ್ಲಿಯೇ. ಕೊನೆಯ ಗುಂಡಿಗೆ ಮುನ್ನ ಪ್ರತಿಸ್ಪರ್ಧಿಯೊಡನೆ ಸಮನಾಗಿದ್ದ ಅವರು, ಆ ಗುಂಡಿಗೆ 10.8 ಅಂಕ ಪಡೆದರು.

ಅಂಕವು ಮಕ್ಕಳ ಕೈಯಲ್ಲಿಲ್ಲ. ಕ್ರಮವು ಅವರ ಕೈಯಲ್ಲಿದೆ. ಮನೆಗೆ ಬಂದ ಮಕ್ಕಳನ್ನು ನಾವು “ಇಂದು ಕ್ರಮ ತಪ್ಪಲಿಲ್ಲವಷ್ಟೇ?” ಎಂದು ಕೇಳೋಣ.