ಬೆರಳ ತುದಿಯ ಬೀಗ: ಅನುಕೂಲ ಎಷ್ಟು, ಅಪಾಯ ಎಷ್ಟು?

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ‘ಹೆಬ್ಬೆಟ್ಟು’ ಎಂದರೆ ಓದು-ಬರಹ ಬಾರದವರು ಎಂದೇ ಅರ್ಥ. ಸಹಿ ಮಾಡಲು ಬಾರದವರು ಪತ್ರದ ಕೆಳಗೆ ಶಾಯಿ ಮೆತ್ತಿ ಬೆರಳು ಒತ್ತುತ್ತಿದ್ದರು. ಈಗ ಡಾಕ್ಟರು, ಎಂಜಿನಿಯರು ಎನ್ನದೆ ನಾವೆಲ್ಲರೂ ಹೆಬ್ಬೆಟ್ಟಿನವರೇ! ಮಲೇಷ್ಯಾಕ್ಕೆ ಬಂದಿಳಿದಾಗ ಇಮಿಗ್ರೇಷನ್ ಕೌಂಟರಿನಲ್ಲಿ ಬೆರಳು ಕೊಟ್ಟಿದ್ದೇವೆ. ಇಲ್ಲಿನ ಪ್ರಜೆಗಳ ‘ಮೈಕಾಡ್’ ಗುರುತಿನ ಚೀಟಿಯ ಚಿಪ್ಪಿನಲ್ಲಿ 2001ರಿಂದಲೇ ಹೆಬ್ಬೆರಳ ಗುರುತು ಇದೆ. ಇನ್ನು ಮೊಬೈಲ್ ತೆರೆಯಲು, ಬ್ಯಾಂಕ್ ಆ್ಯಪ್ ನೋಡಲು, ತರಕಾರಿಯವನಿಗೆ ದುಡ್ಡು ಕೊಡಲು ದಿನಕ್ಕೆ ಎಷ್ಟು ಸಲ ಬೆರಳು ಒತ್ತುತ್ತೀರಿ, ಲೆಕ್ಕ ಇಟ್ಟಿದ್ದೀರಾ?

ಅನುಕೂಲವೇನೋ ನಿಜ. ಆದರೆ ಈ ಬೀಗ ಯಾರನ್ನು ತಡೆಯುತ್ತದೆ, ಯಾರನ್ನು ತಡೆಯುವುದಿಲ್ಲ ಎಂಬುದು ಮನೆಯಲ್ಲಿ ಮಕ್ಕಳಿರುವ, ಊರಿನಲ್ಲಿ ವಯಸ್ಸಾದ ಅಪ್ಪ-ಅಮ್ಮ ಇರುವ ನಮಗೆಲ್ಲ ತಿಳಿದಿರಬೇಕು.

ಸುಬಾಂಗ್‌ನಲ್ಲಿ ನಡೆದದ್ದು

ಬೆರಳಚ್ಚಿನ ಬೀಗದ ಬಗ್ಗೆ ಜಗತ್ತಿಗೆಲ್ಲ ಎಚ್ಚರಿಕೆಯಾದ ಘಟನೆ ನಡೆದದ್ದು ಕೌಲಾಲಂಪುರದ ಪಕ್ಕದ ಸುಬಾಂಗ್‌ನಲ್ಲಿ, 2005ರಲ್ಲಿ. ಒಬ್ಬ ಅಕೌಂಟೆಂಟ್ ತಮ್ಮ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಬೆರಳು ಇಟ್ಟರೆ ಮಾತ್ರ ಚಾಲೂ ಆಗುವ ಬೀಗ ಹಾಕಿಸಿದ್ದರು. ಮಚ್ಚು ಹಿಡಿದು ಬಂದ ಕಳ್ಳರು ಅವರನ್ನೂ ಕಾರಿನಲ್ಲೇ ಹೊತ್ತೊಯ್ದರು. ಕಾರನ್ನು ಮತ್ತೆ ಚಾಲೂ ಮಾಡಲು ಬೆರಳು ಬೇಕು ಎಂದು ಗೊತ್ತಾದಾಗ ಅವರ ತೋರುಬೆರಳಿನ ತುದಿಯನ್ನೇ ಕತ್ತರಿಸಿಕೊಂಡು ಹೋದರು.

ಇಂಥದ್ದು ನಿಮಗೆ ಆದೀತೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೀಲಿ ಕೈ ಕೇಳಿದರೆ ಕೊಟ್ಟುಬಿಡಬಹುದು, ಪಿನ್ ಕೇಳಿದರೆ ಹೇಳಿಬಿಡಬಹುದು. ಆದರೆ ಮೈಗೆ ಅಂಟಿದ ಕೀಲಿಯನ್ನು ಬಿಚ್ಚಿ ಕೊಡಲಾಗದು. ಕಳ್ಳ ಎದುರು ನಿಂತು ಬೆದರಿಸಿದರೆ ಫೋನನ್ನೂ ಪಿನ್ನನ್ನೂ ಕೊಟ್ಟುಬಿಡಿ, ಜೀವ ದೊಡ್ಡದು. ಮನೆಯವರಿಗೂ ಇದನ್ನೇ ಹೇಳಿಕೊಡಿ.

ಫೋನಿನೊಳಗೆ ಏನಿರುತ್ತದೆ?

‘ನನ್ನ ಬೆರಳಚ್ಚು ಎಲ್ಲೋ ಕಂಪನಿಯ ಸರ್ವರಿಗೆ ಹೋಗುತ್ತದಂತೆ’ ಎಂದು ಹಲವರು ಹೆದರುತ್ತಾರೆ. ಈಗಿನ ಒಳ್ಳೆಯ ಫೋನುಗಳಲ್ಲಿ ಹಾಗಿಲ್ಲ. ಬೆರಳಿನ ಚಿತ್ರದ ಬದಲು ಅದರ ಗೆರೆಗಳ ಲೆಕ್ಕಾಚಾರ ಮಾತ್ರ ಫೋನಿನ ಪ್ರತ್ಯೇಕ ಸುರಕ್ಷಿತ ಭಾಗದಲ್ಲಿ ಉಳಿಯುತ್ತದೆ. ಬ್ಯಾಂಕ್ ಆ್ಯಪ್‌ಗೆ ಸಿಗುವುದು ‘ಹೊಂದಿತು’ ಅಥವಾ ‘ಹೊಂದಲಿಲ್ಲ’ ಎಂಬ ಉತ್ತರವಷ್ಟೇ. ಅಪರಿಚಿತರೊಬ್ಬರ ಬೆರಳು ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 50,000ಕ್ಕೆ ಒಂದು ಎಂದು ಆ್ಯಪಲ್ ತನ್ನ ‘ಟಚ್ ಐಡಿ’ ಬಗ್ಗೆ ಹೇಳುತ್ತದೆ. ನಾಲ್ಕಂಕಿ ಪಿನ್ ಆದರೆ 10,000ಕ್ಕೆ ಒಂದು. ಅದೂ ಹುಟ್ಟಿದ ವರ್ಷ, 1234 ಹಾಕದೆ ಇದ್ದರೆ!

ಹಾಗೆಂದು ನಕಲು ಮಾಡಲಾಗದ ಬೀಗವೇನಲ್ಲ. 2013ರಲ್ಲಿ ಐಫೋನ್ 5ಎಸ್ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಗಾಜಿನ ಮೇಲಿನ ಬೆರಳ ಗುರುತಿನಿಂದ ನಕಲು ಬೆರಳು ಮಾಡಿ ಫೋನ್ ತೆರೆದು ತೋರಿಸಿದರು. 2019ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10 ಫೋನಿಗೆ ಕೆಲವು ಸಿಲಿಕಾನ್ ಕವರ್ ಹಾಕಿದರೆ ಯಾರ ಬೆರಳಿಗೂ ತೆರೆಯುತ್ತಿತ್ತು. ಕಂಪನಿ ಆಮೇಲೆ ಅಪ್‌ಡೇಟ್ ಕಳಿಸಿ ಸರಿಪಡಿಸಿತು. ಪರದೆಯ ಮೇಲೆ ಹೊಸ ಕವರ್ ಹಾಕಿಸಿದಾಗ, ನೋಂದಾಯಿಸದ ಬೇರೆ ಬೆರಳೊಂದನ್ನು ಒತ್ತಿ ನೋಡಿ. ತೆರೆದರೆ ಆ ಕವರ್ ಕಿತ್ತು, ಬೆರಳನ್ನು ಹೊಸದಾಗಿ ನೋಂದಾಯಿಸಿ.

ನಿಜವಾದ ಬಾಗಿಲು ಪಿನ್

ಬೆರಳಿನ ಹಿಂದೆ ಯಾವಾಗಲೂ ಒಂದು ಪಿನ್ ಇರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕೈ ಒದ್ದೆಯಾದಾಗ, ಇಲ್ಲಿನ ಸೆಕೆಗೆ ಬೆವರಿದಾಗ, ಫೋನ್ ಆಫ್ ಮಾಡಿ ಆನ್ ಮಾಡಿದಾಗ ಅದೇ ಬೇಕು. ಪಿನ್ ಗೊತ್ತಿದ್ದವರು ಸೆಟ್ಟಿಂಗ್‌ಗೆ ಹೋಗಿ ತಮ್ಮ ಬೆರಳನ್ನೂ ಸೇರಿಸಿಕೊಳ್ಳಬಹುದು. ಎಲ್‌ಆರ್‌ಟಿಯಲ್ಲಿ ಪಕ್ಕದಲ್ಲಿ ನಿಂತವರು ಪಿನ್ ನೋಡಿಕೊಂಡರೆ ಬೆರಳಿನ ಬೀಗ ಇದ್ದೂ ಇಲ್ಲದಂತೆ.

ಬೆರಳಚ್ಚಿನ ದೊಡ್ಡ ಲಾಭವೂ ಇಲ್ಲೇ ಇದೆ. ಪಿನ್ ಒತ್ತುವ ಸಂದರ್ಭ ಅಪರೂಪವಾಗುವುದರಿಂದ ಉದ್ದನೆಯ ಪಿನ್ ಇಡಲು ಬೇಸರವಾಗುವುದಿಲ್ಲ. ನಾಲ್ಕಂಕಿ ಇದ್ದರೆ ಇವತ್ತೇ ಆರಕ್ಕೆ, ಸಾಧ್ಯವಾದರೆ ಎಂಟಕ್ಕೆ ಬದಲಿಸಿ. ಐಫೋನ್ ಇದ್ದವರು 2024ರ ಜನವರಿಯಲ್ಲಿ ಬಂದ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಆನ್ ಮಾಡಿಕೊಳ್ಳಿ. ಮನೆ, ಆಫೀಸಿನಂಥ ಪರಿಚಿತ ಜಾಗದಿಂದ ಹೊರಗಿದ್ದಾಗ ಬರೀ ಪಾಸ್‌ಕೋಡ್ ಗೊತ್ತಿದ್ದರೆ ಮುಖ್ಯ ಸೆಟ್ಟಿಂಗ್ ಬದಲಿಸಲಾಗದು.

ಮನೆಯೊಳಗಿನ ಬೆರಳುಗಳು

ಅಮೆರಿಕದ ಅರ್ಕಾನ್ಸಾದಲ್ಲಿ 2016ರ ಕ್ರಿಸ್‌ಮಸ್ ಸಮಯದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಮಲಗಿದ್ದ ಅಮ್ಮನ ಹೆಬ್ಬೆರಳನ್ನು ಫೋನಿಗೆ ಒತ್ತಿ ಸುಮಾರು 250 ಡಾಲರಿನ ಪೊಕೆಮಾನ್ ಆಟಿಕೆ ತರಿಸಿದಳು! ನಗು ಬಂದರೂ ಪಾಠ ಗಟ್ಟಿ: ಮಲಗಿರುವವರ ಬೆರಳು ‘ಬೇಡ’ ಎನ್ನುವುದಿಲ್ಲ.

‘ಪದೇ ಪದೇ ಕೇಳುತ್ತಾನೆ’ ಎಂದು ಮಗನ ಬೆರಳನ್ನು ನಿಮ್ಮ ಫೋನಿಗೆ ಸೇರಿಸಿದ್ದೀರಾ? ಹಲವು ಆ್ಯಪ್‌ಗಳಿಗೆ ಅದು ಅಪ್ಪನ ಬೆರಳೋ ಮಗನ ಬೆರಳೋ ತಿಳಿಯುವುದಿಲ್ಲ. ಫೋನಿನಲ್ಲಿ ನೋಂದಣಿಯಾದ ಯಾವ ಬೆರಳಾದರೂ ಸೈ. ಹಾಗಾಗಿ ಮಗುವಿಗೆ ಆಟಕ್ಕೆ ಫೋನ್ ಕೊಡುವಾಗ ನೀವೇ ತೆರೆದುಕೊಡಿ. ಐಫೋನಿನಲ್ಲಿ ‘ಗೈಡೆಡ್ ಆಕ್ಸೆಸ್’, ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಹಾಕಿದರೆ ಮಗು ಆ ಒಂದೇ ಆ್ಯಪ್‌ನಲ್ಲಿ ಇರುತ್ತದೆ.

ಬ್ಯಾಂಕು ಮತ್ತು ಮೋಸದ ಆ್ಯಪ್

ಸ್ವಚ್ಛತೆಯ ಸೇವೆ, ಅಗ್ಗದ ಸಾಮಾನು ಎಂದು ಆಸೆ ತೋರಿಸಿ ಎಪಿಕೆ ಫೈಲ್ ಹಾಕಿಸಿ, ಎಸ್‌ಎಂಎಸ್ ಒಟಿಪಿ ಕದಿಯುವ ಮೋಸ ಮಲೇಷ್ಯಾದಲ್ಲಿ ಬಹಳ ಜನರ ಹಣ ನುಂಗಿದೆ. 2022ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ನೆಗಾರಾ ಮಲೇಷ್ಯಾ, ಎಸ್‌ಎಂಎಸ್ ಒಟಿಪಿ ಬಿಟ್ಟು ಹೆಚ್ಚು ಭದ್ರವಾದ ದಾರಿಗೆ ಹೋಗಲು, ಒಪ್ಪಿಗೆ ಕೊಡಲು ಒಂದೇ ಫೋನ್ ಇರಲು, ಮೊದಲ ಸಲದ ನೋಂದಣಿಗೆ ಕಾಯುವ ಅವಧಿ ಇಡಲು ಬ್ಯಾಂಕುಗಳಿಗೆ ಹೇಳಿತು. (ಊರಿಗೆ ಹೊರಡುವ ಹಿಂದಿನ ದಿನ ಫೋನ್ ಬದಲಿಸಬೇಡಿ ಎಂಬ ಬುದ್ಧಿಮಾತು ಇದರಿಂದಲೇ!)

ಇದರಿಂದ ಒಳ್ಳೆಯದಾಯಿತು. ಆದರೆ ಫೋನಿನಲ್ಲಿ ಮಾತಾಡುತ್ತಾ ‘ಒತ್ತಿ, ಒತ್ತಿ’ ಎಂದು ಅವಸರ ಮಾಡುವ ಮೋಸಗಾರನ ಮಾತಿಗೆ ನೀವೇ ಬೆರಳಿಟ್ಟರೆ ಯಾವ ಬೀಗವೂ ಕಾಯುವುದಿಲ್ಲ. ಬೆರಳು ಒತ್ತುವ ಮುನ್ನ ಮೊತ್ತ ಮತ್ತು ಹೆಸರು ಓದಿ.

ಊರಿನಲ್ಲಿ ಅಪ್ಪ-ಅಮ್ಮನ ಹೆಬ್ಬೆಟ್ಟು

2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಒಟಿಪಿಯೇ ಬಾರದೆ ಹಣ ಹೋಯಿತು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಬಳಸಿದ್ದರು. ಮಂಗಳೂರು ಪೊಲೀಸರು ಇಂಥ ಪ್ರಕರಣದಲ್ಲಿ ಬಂಧಿಸಿದರು ಕೂಡ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ?

ಪರಿಹಾರ ಸುಲಭ. ಎಂಆಧಾರ್ ಆ್ಯಪ್ ಅಥವಾ ಆಧಾರ್ ಜಾಲತಾಣದಲ್ಲಿ ‘ಬಯೋಮೆಟ್ರಿಕ್ ಲಾಕ್’ ಹಾಕಿ, ಬೇಕಾದಾಗ ತೆಗೆಯಬಹುದು. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ನಿಮ್ಮದನ್ನೂ ಅಪ್ಪ-ಅಮ್ಮನದನ್ನೂ ಈ ವಾರಾಂತ್ಯವೇ ನೋಡಿಬಿಡಿ.

ಹಾಗಾದರೆ ಏನು ಮಾಡೋಣ?

• ಫೋನ್ ತೆರೆಯಲು ಬೆರಳು ಸಾಕು. ಉಳಿತಾಯ ಇರುವ ಬ್ಯಾಂಕ್ ಆ್ಯಪ್‌ಗೆ ಬೇರೆಯದೇ ಪಿನ್ ಇಡಿ.
• ಬೆರಳಿಗೆ ತೆರೆಯುವ ಇ-ವಾಲೆಟ್‌ನಲ್ಲಿ ವಾರದ ಖರ್ಚಿನಷ್ಟೇ ಹಣ ಇಡಿ. ಬ್ಯಾಂಕಿನ ದಿನದ ವರ್ಗಾವಣೆ ಮಿತಿ ಇಳಿಸಿ.
• ನೋಂದಾಯಿಸಿದ ಬೆರಳುಗಳ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ಅಳಿಸಿ.
• ಆಂಡ್ರಾಯ್ಡ್‌ನ ‘ಲಾಕ್‌ಡೌನ್’ ಒತ್ತಿದರೆ ಆ ಹೊತ್ತಿಗೆ ಬೆರಳು ನಡೆಯದು, ಪಿನ್ನೇ ಬೇಕು.
• ಹಣ ಹೋದರೆ ತಡಮಾಡದೆ ಬ್ಯಾಂಕಿಗೂ, ಮಲೇಷ್ಯಾದಲ್ಲಿ 997ಕ್ಕೂ, ಭಾರತದಲ್ಲಿ 1930ಕ್ಕೂ ಫೋನ್ ಮಾಡಿ.

ಬೀಗ ಬೇಡ ಎನ್ನುವುದಕ್ಕಿಂತ ಬೆರಳ ಬೀಗ ಎಷ್ಟೋ ಮೇಲು. ಆದರೆ ಹೊಸಿಲಿನ ಬೀಗ ಬೇರೆ, ತಿಜೋರಿಯ ಬೀಗ ಬೇರೆ ಎಂಬ ನಮ್ಮ ಹಿರಿಯರ ಲೆಕ್ಕ ಫೋನಿಗೂ ಇರಲಿ.