ಸಂಧಾನಕ್ಕೊಂದು ತಾಲೀಮು

“ಗೆದ್ದವ ಸೋತ, ಸೋತವ ಸತ್ತ” ಎಂಬ ಗಾದೆ ನ್ಯಾಯಾಲಯದ ಮೆಟ್ಟಿಲು ಸವೆಸಿದವರ ಅನುಭವದಿಂದಲೇ ಹುಟ್ಟಿರಬೇಕು. ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮನಸ್ತಾಪ, ನೆರೆಹೊರೆಯವರ ಗೋಡೆಯ ತಕರಾರು—ಇಂಥ ವ್ಯಾಜ್ಯಗಳಲ್ಲಿ ತೀರ್ಪು ಬಂದ ಮೇಲೂ ಉಭಯ ಪಕ್ಷದವರು ಪರಸ್ಪರ ಮುಖ ನೋಡುತ್ತಲೇ ಬಾಳಬೇಕಷ್ಟೆ. 2002ರ ಜುಲೈಯಲ್ಲಿ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು, ರಾಜಿಗೆ ಆಸ್ಪದವಿರುವ ದಾವೆಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ದಾರಿ ತೆರೆಯಿತು. 2007ರಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು.

ಆದರೆ ವಾದಿಸುವುದನ್ನೇ ವೃತ್ತಿಯಾಗಿಸಿಕೊಂಡ ವಕೀಲರು ಸಂಧಾನದ ಕಲೆಯನ್ನು ಕಲಿಯುವುದೆಂತು? 2005ರಲ್ಲಿ ಸುಪ್ರೀಂ ಕೋರ್ಟು ರಚಿಸಿದ ಮಧ್ಯಸ್ಥಿಕೆ ಮತ್ತು ರಾಜಿ ಯೋಜನಾ ಸಮಿತಿ ಇದಕ್ಕಾಗಿ 40 ಗಂಟೆಗಳ ತರಬೇತಿಯನ್ನು ರೂಪಿಸಿತು. ಅದರ ಜೀವಾಳವೇ ಪಾತ್ರಾಭಿನಯ. ಮಧ್ಯಸ್ಥಿಕೆಯ ಮಾತುಕತೆ ಗೋಪ್ಯವಾದುದರಿಂದ ಅನ್ಯರ ಸಂಸಾರದ ಅಳಲನ್ನು ಪಕ್ಕದಲ್ಲಿ ಕುಳಿತು ನೋಡಿ ಕಲಿಯುವುದು ಸುಲಭವಲ್ಲ. ಹೊಸಬರ ಕೈತಪ್ಪಿಗೆ ಒಂದು ಮನೆ ಬಲಿಯಾಗಲೂ ಬಾರದು.

ಗುಟ್ಟಿನ ಚೀಟಿ

ಅಭ್ಯಾಸದ ಕ್ರಮ ಸರಳ. ವ್ಯಾಜ್ಯದ ಸಂಗತಿಗಳು ಎಲ್ಲರಿಗೂ ತಿಳಿದಿರುತ್ತವೆ. ಅದಲ್ಲದೆ ಪ್ರತಿಯೊಬ್ಬ ಕಕ್ಷಿಯ ಪಾತ್ರಧಾರಿಗೂ ಒಂದೊಂದು ಗುಟ್ಟಿನ ಚೀಟಿ ಸಿಗುತ್ತದೆ. ಅದರಲ್ಲಿ ಏನಿದೆಯೆಂಬುದು ಮಧ್ಯಸ್ಥರಿಗೆ ತಿಳಿಯದು; ಕೇಳಿಯೇ ಹೊರತೆಗೆಯಬೇಕು.

ಮಾದರಿಗೆ, ಮೈಸೂರಿನ ಹಳೆಯ ಮನೆಯೊಂದಕ್ಕಾಗಿ ಅಣ್ಣತಮ್ಮಂದಿರು ದಾವೆ ಹೂಡಿದ್ದಾರೆನ್ನೋಣ. ಅಣ್ಣ ಮನೆ ಮಾರಲು ಒಪ್ಪನು. ತಮ್ಮನಿಗೆ ಪಾಲು ಬೇಕು. “ನೀವು ಹಿರಿಯರು, ಸ್ವಲ್ಪ ತಗ್ಗಬೇಕು” ಎಂದು ಹೊಸ ಅಭ್ಯರ್ಥಿ ಐದೇ ನಿಮಿಷದಲ್ಲಿ ಉಪದೇಶಕ್ಕೆ ತೊಡಗುತ್ತಾರೆ. ಅಣ್ಣನ ಪಾತ್ರಧಾರಿ ತುಟಿ ಬಿಗಿದು ಕುಳಿತುಬಿಡುತ್ತಾರೆ. ತರಬೇತುದಾರರು ಆಟ ನಿಲ್ಲಿಸಿ, “ಆ ಮಾತು ಕೇಳಿದಾಗ ನಿಮಗೇನೆನಿಸಿತು?” ಎಂದು ಅಣ್ಣನನ್ನೇ ವಿಚಾರಿಸುತ್ತಾರೆ. “ಎಲ್ಲರೂ ಹೀಗೆಯೇ ಹೇಳುತ್ತ ಬಂದರು ಎನಿಸಿತು” ಎಂಬ ಉತ್ತರವೇ ಅಂದಿನ ಪಾಠ.

ಎರಡನೆಯ ಸಲ ಅಭ್ಯರ್ಥಿ, “ಈ ಮನೆಯಲ್ಲಿ ಎಷ್ಟು ಕಾಲದಿಂದ ಇದ್ದೀರಿ?” ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ಆಗ ಚೀಟಿಯ ಗುಟ್ಟು ಹೊರಬೀಳುತ್ತದೆ: ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ಆ ಮನೆಯಲ್ಲಿ ನೋಡಿಕೊಂಡವನು ಅಣ್ಣ, ತಮ್ಮ ಅದನ್ನು ಒಮ್ಮೆಯೂ ಬಾಯಿಬಿಟ್ಟು ನೆನೆದಿಲ್ಲ. ಪ್ರತ್ಯೇಕ ಭೇಟಿಯಲ್ಲಿ ತಮ್ಮನ ಗುಟ್ಟೂ ತಿಳಿಯುತ್ತದೆ: ಜೂನ್ ತಿಂಗಳೊಳಗೆ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕು. ಅವನ ಒಪ್ಪಿಗೆಯಿಲ್ಲದೆ ಈ ಮಾತನ್ನು ಅಣ್ಣನಿಗೆ ಮುಟ್ಟಿಸುವಂತಿಲ್ಲ. ಒಪ್ಪಿಗೆ ದೊರೆತರೆ ದಾರಿ ತಾನಾಗಿ ಕಾಣುತ್ತದೆ. ಮನೆ ಅಣ್ಣನಲ್ಲೇ ಉಳಿಯಲಿ, ಪಾಲಿನ ಒಂದಂಶ ಈಗಲೇ ಬರಲಿ, ಮಿಕ್ಕದ್ದು ಕಂತುಗಳಲ್ಲಿ ಸಲ್ಲಲಿ ಎಂಬ ಮಾತು ಸೋದರರ ಬಾಯಿಂದಲೇ ಹೊರಡುತ್ತದೆ.

ಪಾತ್ರ ಬದಲಾದಾಗ

ಮರುದಿನ ಪಾತ್ರಗಳು ಅದಲುಬದಲಾಗುತ್ತವೆ. ನಿನ್ನೆ ಉಪದೇಶ ಮಾಡಿದವರು ಇಂದು ಕಕ್ಷಿಯಾಗಿ ಕುಳಿತು ಉಪದೇಶ ಕೇಳುತ್ತಾರೆ. ಕೇಳುವವನ ಕಷ್ಟ ಅರಿವಾಗುವುದು ಆಗಲೇ. ಮಧ್ಯಸ್ಥನು ಇತ್ಯರ್ಥವನ್ನು ಹೇರುವಂತಿಲ್ಲವೆಂದು 2023ರ ಮಧ್ಯಸ್ಥಿಕೆ ಅಧಿನಿಯಮದಲ್ಲೂ ಬರೆದಿದೆ. ಆದರೆ ಬಾಯಿಗೆ ಬಂದ ಬುದ್ಧಿಮಾತನ್ನು ನುಂಗಿಕೊಳ್ಳುವುದು ಅಭ್ಯಾಸದಿಂದ ಮಾತ್ರ ಸಾಧ್ಯ.

40 ಗಂಟೆಗಳು ಮುಗಿದೊಡನೆ ಕಲಿಕೆ ಮುಗಿಯದು. ಸಮಿತಿಯ ಮಾನ್ಯತೆಗೆ ನಿಜವಾದ ಮಧ್ಯಸ್ಥಿಕೆಗಳನ್ನು ನಡೆಸಿರಬೇಕು. ಅಲ್ಲಿ ಕಕ್ಷಿಗಳ ಕೈಯಲ್ಲಿ ಚೀಟಿಯಿರುವುದಿಲ್ಲ. ಗುಟ್ಟೆಲ್ಲ ಅವರ ಎದೆಯಲ್ಲಿರುತ್ತದೆ. ತಾಳ್ಮೆಯಿಂದ ಕೇಳುವವರು ಸಿಕ್ಕಿದರೆ ಮಾತ್ರ ಹೊರಗೆ ಬರುತ್ತದೆ.