ಅಟ್ಟದ ಮೇಲಿನ ಸಾಮ್ರಿಗೆ ಬೂಷ್ಟು ಹಿಡಿಯುತ್ತಿದೆ

ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಒಂದು ರಟ್ಟಿನ ಡಬ್ಬ ಇದ್ದೇ ಇರುತ್ತದೆ. ಒಳಗೆ ಧೂಳು ಹಿಡಿದ ಕಪ್ಪು ವಿಡಿಯೊ ಕ್ಯಾಸೆಟ್ಟುಗಳು. ಯಜಮಾನರು ಒಂದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ವಿಸಿಆರ್ ಕೆಟ್ಟು ಯಾವುದೋ ಕಾಲವಾಯ್ತು, ಇದನ್ನಿಟ್ಟುಕೊಂಡು ಮಾಡೋದೇನು ಅಂತ ಗುಜರಿಯವನನ್ನು ಕರೆಯುತ್ತಾರೆ. ಅವನಿಗೂ ಅದು ಬೇಡ. ಪ್ಲಾಸ್ಟಿಕ್ಕು ಬೇರೆ, ಟೇಪು ಬೇರೆ, ಸ್ಕ್ರೂ ಬೇರೆ ಮಾಡಿ ಕೂರಲು ಯಾರಿಗಿದೆ ಪುರುಸೊತ್ತು? ಡಬ್ಬ ಸೀದಾ ಕಸದ ಗಾಡಿಗೆ ಹೋಗುತ್ತದೆ.

ಇದೇ ಡಬ್ಬಕ್ಕಾಗಿ ಊರೂರು ಅಲೆಯುವ ಜನರೂ ಇದ್ದಾರೆ ಅಂದರೆ ನಂಬ್ತೀರಾ ಸ್ವಾಮಿ? ಅದೂ ಅವರು ಹುಡುಕೋದು ರಾಜ್‌ಕುಮಾರ್ ಪಿಕ್ಚರನ್ನಲ್ಲ, ಅಮಿತಾಭ್ ಪಿಕ್ಚರನ್ನಲ್ಲ. ಅವರಿಗೆ ಬೇಕಾದ್ದು ದೆವ್ವದ ಪಿಕ್ಚರು. ವಿಮರ್ಶಕರು ಮೂಗು ಮುಚ್ಚಿಕೊಂಡ, ಪ್ರಶಸ್ತಿಯವರು ತಿರುಗಿಯೂ ನೋಡದ, ಆದರೆ ಒಂದು ತಲೆಮಾರಿನ ಹುಡುಗರು ಚಾದರದೊಳಗಿಂದ ಒಂದೇ ಕಣ್ಣು ಬಿಟ್ಟು ನೋಡಿದ ಪಿಕ್ಚರುಗಳು.

ಈ ಹುಚ್ಚು ಅರ್ಥವಾಗಬೇಕಾದರೆ 1980ರ ದಶಕಕ್ಕೆ ಹೋಗಬೇಕು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು, ಬಣ್ಣದ ಟಿವಿ ಬಂತು. ಅದರ ಹಿಂದೆಯೇ ವಿಸಿಆರ್ ಬಂತು. ಕರಾವಳಿ ಕಡೆ ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಬಂತು. ಉಳಿದವರಿಗೆ ಬಾಡಿಗೆಯೇ ಗತಿ. ಓಣಿಯವರೆಲ್ಲ ಸೇರಿ ಚಂದಾ ಎತ್ತಿ ಒಂದು ರಾತ್ರಿಗೆ ಟಿವಿ, ವಿಸಿಆರ್ ಎರಡನ್ನೂ ತರಿಸೋರು. ಮೂರು ಕ್ಯಾಸೆಟ್ಟು, ಬೆಳಗಿನವರೆಗೆ ಜಾಗರಣೆ. ಮೊದಲನೆಯದು ಹೆಂಗಸರಿಗೆ ಅಂತ ಸಂಸಾರದ ಪಿಕ್ಚರು, ಎರಡನೆಯದು ಹೊಡೆದಾಟ. ಮಕ್ಕಳು ಮಲಗಿದರು ಅಂತ ಖಾತ್ರಿಯಾದ ಮೇಲೆ ಮೂರನೆಯದು. ಮಕ್ಕಳು ಮಲಗಿರುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ದೆವ್ವದ ಪಿಕ್ಚರಿಗೆ ಸೆನ್ಸಾರಿನವರು ಸಾಮಾನ್ಯವಾಗಿ ‘ಎ’ ಸರ್ಟಿಫಿಕೇಟು ಕೊಡುತ್ತಿದ್ದರು. ಟಾಕೀಸಿನ ಗೇಟಿನಲ್ಲಿ ಮೀಸೆ ಬಾರದ ಹುಡುಗರನ್ನು ತಡೆಯಬಹುದಿತ್ತು. ಮನೆಯ ನಡುಮನೆಯಲ್ಲಿ ತಡೆಯೋರು ಯಾರು? ಮರ್ಯಾದಸ್ಥ ಹೆಂಗಸರು ಟಾಕೀಸಿಗೆ ಹೋಗಿ ನೋಡಲಾಗದ್ದನ್ನೂ ಕ್ಯಾಸೆಟ್ಟು ಮನೆಗೇ ತಂದಿತು. ರಾತ್ರಿ ಹೊರಡುವ ವಿಡಿಯೊ ಕೋಚ್ ಬಸ್ಸುಗಳಲ್ಲೂ ಟಿವಿ ಕೂತಿತು.

ರೇಡಿಯೊ ಅಂಗಡಿಯವರ ದೆವ್ವ

ಈ ಅಂಗಡಿಗಳ ಕಪಾಟಿನಲ್ಲಿ ದೆವ್ವದ ಸಾಲು ಅಂದರೆ ರಾಮ್ಸೆ ಸಹೋದರರ ಸಾಲು. ಇವರ ಕಥೆಯೇ ಒಂದು ಪಿಕ್ಚರಿಗೆ ಸಾಕು. ತಂದೆ ಎಫ್.ಯು. ರಾಮ್‌ಸಿಂಘಾನಿ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದವರು. ಬ್ರಿಟಿಷ್ ಗಿರಾಕಿಗಳ ನಾಲಿಗೆ ಹೊರಳದೆ ಅವರ ಹೆಸರು ‘ರಾಮ್ಸೆ’ ಆಯಿತು. ದೇಶ ವಿಭಜನೆಯಾದ ಮೇಲೆ ಮುಂಬಯಿಗೆ ಬಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ಅಂಗಡಿ ತೆರೆದರು. ಏಳು ಗಂಡುಮಕ್ಕಳು: ಕುಮಾರ್, ಕೇಶು, ತುಲಸಿ, ಕಿರಣ್, ಶ್ಯಾಮ್, ಗಂಗು, ಅರ್ಜುನ್.

1970ರಲ್ಲಿ ಇವರು ತೆಗೆದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಮಕಾಡೆ ಮಲಗಿತು. ಆದರೆ ಮಕ್ಕಳು ಟಾಕೀಸಿನಲ್ಲಿ ಕೂತು ಒಂದು ಸಂಗತಿ ಗಮನಿಸಿದರು. ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ಸೀನಿಗೆ ಮಾತ್ರ ಜನ ಮೈ ಜುಂ ಎಂದು ಕೂರುತ್ತಿದ್ದರು. ಹಾಗಾದರೆ ಇಡೀ ಪಿಕ್ಚರೇ ಅದಿದ್ದರೆ? ಅಪ್ಪನನ್ನು ಒಪ್ಪಿಸಿದರು. ಸಂಸಾರ ಸಮೇತ ಬಸ್ಸು ಹತ್ತಿ ಮಹಾಬಲೇಶ್ವರಕ್ಕೆ ಹೋದರು. ಅಣ್ಣತಮ್ಮಂದಿರಲ್ಲಿ ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಕಥೆ, ಇಬ್ಬರು ನಿರ್ದೇಶನ ಅಂತ ಕೆಲಸ ಹಂಚಿಕೊಂಡರು. ಅಡಿಗೆ ಮನೆ ಹೆಂಗಸರದು. 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಬಂತು, ಓಡಿತು.

1984ರ ‘ಪುರಾನಾ ಮಂದಿರ್’ ಇವರ ದೊಡ್ಡ ಹೊಡೆತ. ಸಾಮ್ರಿ ಅಂತ ಒಬ್ಬ ರಾಕ್ಷಸ. ತಲೆ ಒಂದು ಕಡೆ, ಮುಂಡ ಒಂದು ಕಡೆ ಮಾಡಿ ಬಂಧಿಸಿರುತ್ತಾರೆ. ರಾಜನ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯಲಿ ಅಂತ ಅವನ ಶಾಪ. ಆ ವೇಷ ಕಟ್ಟಿದ ಅಜಯ್ ಅಗರ್ವಾಲ್ ಓದಿದ್ದು ರೂರ್ಕಿಯಲ್ಲಿ ಇಂಜಿನಿಯರಿಂಗು! ಆತನ ಮುಖಕ್ಕೆ ಮೇಕಪ್ಪು ಅಷ್ಟೇನೂ ಬೇಕಾಗಲಿಲ್ಲ ಅಂತ ತಮಾಷೆ ಮಾಡುವವರಿದ್ದಾರೆ. ಆದರೆ ಸಾಮ್ರಿ ಪರದೆ ಮೇಲೆ ನಿಂತಾಗ ನಕ್ಕವರು ಕಡಿಮೆ. 1988ರ ‘ವೀರಾನಾ’, 1989ರ ‘ಪುರಾನೀ ಹವೇಲಿ’, 1990ರ ‘ಬಂದ್ ದರ್ವಾಜಾ’ ಹೀಗೆ ಸಾಲು ಬೆಳೆಯಿತು. 1993ರಲ್ಲಿ ‘ಜೀ ಹಾರರ್ ಶೋ’ ಶುರುವಾಗಿ ದೆವ್ವ ಕೇಬಲ್ಲಿಗೇ ಬಂದಾಗ ಕ್ಯಾಸೆಟ್ಟು ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚತೊಡಗಿತು.

ಕನ್ನಡದ ಸಂಗ್ರಹಕಾರರ ಕಪಾಟಿನಲ್ಲಿ ಇನ್ನೂ ಒಂದಕ್ಕೆ ಜಾಗ ಮೀಸಲು: 1979ರ ‘ನಾ ನಿನ್ನ ಬಿಡಲಾರೆ’. ಅನಂತನಾಗ್, ಲಕ್ಷ್ಮಿ ಇದ್ದ ಈ ಪಿಕ್ಚರು ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಇದೇ ಕಥೆ 1981ರಲ್ಲಿ ಹಿಂದಿಗೆ ‘ಮಂಗಳಸೂತ್ರ’ವಾಗಿ ಹೋಯಿತು. ಅಲ್ಲೂ ಅನಂತನಾಗ್, ಜೊತೆಗೆ ರೇಖಾ. ಎರಡನ್ನೂ ಅಕ್ಕಪಕ್ಕ ಇಟ್ಟರೇ ಸಂಗ್ರಹಕಾರರಿಗೆ ಸಮಾಧಾನ.

ಗೆರೆ ಹೇಳುವ ಗುಟ್ಟು

ಈಗ ಕೇಳಬಹುದು, ಇವೆಲ್ಲ ಮೊಬೈಲಿನಲ್ಲೇ ಬಿಟ್ಟಿ ಸಿಗುವಾಗ ಕ್ಯಾಸೆಟ್ಟು ಯಾಕೆ ಅಂತ. ಸರಿಯಾದ ಪ್ರಶ್ನೆಯೇ. ಕ್ಯಾಸೆಟ್ಟಿನಲ್ಲಿ ಪಿಕ್ಚರಿನ ಜೊತೆ ಅದನ್ನು ನೋಡಿದವರ ಗುರುತೂ ಇದೆ. ಪರದೆಯ ತಳದಲ್ಲಿ ಸೀರೆ ಅಂಗಡಿ, ಪ್ರೆಷರ್ ಕುಕ್ಕರಿನ ಜಾಹೀರಾತು ಸಾಲಾಗಿ ಹರಿಯುತ್ತಿರುತ್ತದೆ. ಮೂಲೆಯಲ್ಲಿ ಕಂಪನಿಯ ಮೊಹರು. ಸಾಮ್ರಿ ಕುತ್ತಿಗೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಕೆಳಗೆ ಕುಕ್ಕರು ಸಾಗುತ್ತದೆ. ಹೊಸ ಪ್ರತಿಗಳಲ್ಲಿ ಇದೆಲ್ಲ ಎಲ್ಲಿ ಬಂತು?

ಟೇಪು ಸವೆದಿರುವ ಜಾಗವೂ ಕಥೆ ಹೇಳುತ್ತದೆ. ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಮತ್ತೆ ನೋಡಿದ ಕಡೆ ಚಿತ್ರದ ಮೇಲೆ ಬಿಳಿ ಗೆರೆ ಬೀಳುತ್ತವೆ. ಬಾಡಿಗೆ ಕ್ಯಾಸೆಟ್ಟಿನಲ್ಲಿ ಗೆರೆಗಳು ದಟ್ಟವಾಗಿರುವುದು ಎರಡು ಕಡೆ. ಒಂದು, ದೆವ್ವ ಮೊದಲ ಸಲ ಪೂರ್ತಿ ಮುಖ ತೋರಿಸುವ ಜಾಗ. ಇನ್ನೊಂದು, ನಾಯಕಿಯ ಸ್ನಾನದ ಸೀನು. ‘ಪುರಾನಾ ಮಂದಿರ್’ನಲ್ಲಿ ಜಗದೀಪ್ ಅವರ ‘ಶೋಲೆ’ ಅಣಕು ಬರುವ ಕಡೆ ಮಾತ್ರ ಚಿತ್ರ ಸ್ವಚ್ಛವಾಗಿರುತ್ತದಂತೆ. ಎಲ್ಲರೂ ಮುಂದಕ್ಕೆ ಓಡಿಸಿದವರೇ!

ಅಸಲಿ ಕ್ಯಾಸೆಟ್ಟು ಗುರುತಿಸುವುದೂ ಒಂದು ವಿದ್ಯೆ. 1984ರಲ್ಲಿ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ಬಂತು. ವಿಡಿಯೊ ಕ್ಯಾಸೆಟ್ಟು ಹೊರತರುವವರು ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿ, ತಯಾರಿಸಿದವರ ಮತ್ತು ಹಕ್ಕುದಾರರ ಹೆಸರು ವಿಳಾಸ ಎಲ್ಲ ತೋರಿಸಲೇಬೇಕು ಅಂತಾಯಿತು. ಅದೆಲ್ಲ ಇದ್ದರೆ ಅಸಲಿ ಇರಬಹುದು. ಖಾಲಿ ಡಬ್ಬದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಿದ್ದರೆ ಕದ್ದ ಮಾಲು. ಕಾಪಿಯ ಕಾಪಿಯ ಕಾಪಿ ಆಗುತ್ತಾ ಬಣ್ಣ ಕರಗಿ, ಕೊನೆಗೆ ದೆವ್ವ ಯಾವುದು ನಾಯಕ ಯಾವುದು ಗೊತ್ತಾಗದ ಸ್ಥಿತಿ. ಅಂಥದನ್ನೂ ಬಿಡದೆ ಕೂಡಿಡುವವರಿದ್ದಾರೆ. ಕೂಡಿಡಬಹುದು, ನಕಲು ಮಾಡಿ ಮಾರುವಂತಿಲ್ಲ. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕು 60 ವರ್ಷ ಇರುತ್ತದೆ. 1984ರ ಸಾಮ್ರಿ 2044 ಮುಗಿಯುವವರೆಗೂ ಯಾರದೋ ಆಸ್ತಿ.

ಬ್ರಿಟನ್ನಿನಲ್ಲಿ ಈ ಹುಚ್ಚಿಗೆ ಸರ್ಕಾರವೇ ಎಣ್ಣೆ ಸುರಿಯಿತು. 1980ರ ದಶಕದ ಮೊದಲಲ್ಲಿ ಅಲ್ಲಿನ ಪತ್ರಿಕೆಗಳು ಭಯಾನಕ ಕ್ಯಾಸೆಟ್ಟುಗಳಿಂದ ಮಕ್ಕಳು ಕೆಟ್ಟರು ಅಂತ ಬೊಬ್ಬೆ ಹಾಕಿದವು. ಪ್ರಾಸಿಕ್ಯೂಷನ್ ಇಲಾಖೆಯ ಪಟ್ಟಿಯಲ್ಲಿ ಒಟ್ಟು 72 ಪಿಕ್ಚರುಗಳು ಬಂದುಹೋದವು, 39ಕ್ಕೆ ಶಿಕ್ಷೆಯೂ ಆಯಿತು. ನಮ್ಮೂರ ಹುಡುಗರು ವಿಸಿಆರ್‌ನಲ್ಲಿ ಕದ್ದು ನೋಡಿದ ‘ಈವಿಲ್ ಡೆಡ್’ ಕೂಡ ಆ ಪಟ್ಟಿಯಲ್ಲಿತ್ತು. 1984ರಲ್ಲಿ ಕಾನೂನೇ ಬಂತು. ಆಮೇಲೆ ಆ ಪಟ್ಟಿಯೇ ಸಂಗ್ರಹಕಾರರ ಚೀಟಿಯಾಯಿತು, ದಿನಸಿ ಅಂಗಡಿಗೆ ಹೋಗುವಾಗ ಕೈಲಿಟ್ಟುಕೊಳ್ಳುವಂಥದ್ದು. ಇನ್ನೊಂದು ತಮಾಷೆ ಕೇಳಿ. ಆ ಕಾನೂನನ್ನು ಯುರೋಪಿನ ಆಯೋಗಕ್ಕೆ ತಿಳಿಸಬೇಕಿತ್ತು, ತಿಳಿಸಿರಲೇ ಇಲ್ಲ ಅಂತ 25 ವರ್ಷದ ನಂತರ, 2009ರಲ್ಲಿ ಗೊತ್ತಾಯಿತು. 2010ರಲ್ಲಿ ಅದನ್ನೇ ಮತ್ತೆ ಪಾಸು ಮಾಡಿದರು. ಸರ್ಕಾರಿ ಕಡತ ಎಲ್ಲ ದೇಶದಲ್ಲೂ ಒಂದೇ.

ಬೂಷ್ಟು ಅನ್ನೋ ನಿಜವಾದ ದೆವ್ವ

ಮೂರು ಗಂಟೆಯ ಒಂದು ಕ್ಯಾಸೆಟ್ಟಿನೊಳಗೆ ಕಾಲು ಕಿಲೋಮೀಟರು ಉದ್ದದ ಟೇಪು ಇರುತ್ತದೆ, ಅಗಲ ಬರೇ ಅರ್ಧ ಇಂಚು. ನಾಲ್ಕು ತಿಂಗಳು ಮಳೆ ಹೊಡೆಯುವ ಮಲೆನಾಡು, ಬೆವರು ಆರದ ಕರಾವಳಿಯಲ್ಲಿ ಇದಕ್ಕೆ ಬೂಷ್ಟು ಹಿಡಿಯದೆ ಇನ್ನೇನು? ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಪುಡಿ, ಕೆಲವಕ್ಕೆ ಜೇಡರ ಬಲೆಯಂಥ ಎಳೆ. ಆಸೆ ತಡೆಯಲಾಗದೆ ಅದನ್ನು ಹಾಗೇ ವಿಸಿಆರಿಗೆ ತುರುಕಿದರೆ ಕೆಲಸ ಕೆಟ್ಟಿತು. ಒಳಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ಡಿಗೆ ಬೂಷ್ಟು ಮೆತ್ತಿಕೊಳ್ಳುತ್ತದೆ. ಆಮೇಲೆ ಹಾಕಿದ ಒಳ್ಳೆ ಕ್ಯಾಸೆಟ್ಟಿಗೂ ಅಂಟುತ್ತದೆ. ಕಜ್ಜಿ ಇದ್ದ ಹಾಗೆ.

ಬಲ್ಲವರು ಇಂಥ ಕ್ಯಾಸೆಟ್ಟನ್ನು ಬೇರೆಯೇ ಇಡುತ್ತಾರೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬದಲ್ಲಿ ಕೆಲವು ದಿನ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬಟ್ಟೆಯಲ್ಲಿ ಟೇಪನ್ನು ಒರೆಸುತ್ತಾ ಸುತ್ತುತ್ತಾರೆ. ಅದಕ್ಕೇ ಅಂತ ಒಂದು ಹಳೆ ವಿಸಿಆರು. ಆಮೇಲೆ ಕಂಪ್ಯೂಟರಿಗೆ ಇಳಿಸುವ ಕೆಲಸ. ಇಲ್ಲಿ ಅವಸರ ನಡೆಯಲ್ಲ. ಎರಡೂವರೆ ಗಂಟೆಯ ಪಿಕ್ಚರು ಇಳಿಯಲು ಎರಡೂವರೆ ಗಂಟೆಯೇ ಬೇಕು. ಯಂತ್ರವೂ ಹೊಸದು ಸಿಗಲ್ಲ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು. ಎರಡು ಸತ್ತ ಯಂತ್ರದಿಂದ ಒಂದು ಬದುಕಿದ್ದು ಮಾಡಬಲ್ಲ ಮೆಕ್ಯಾನಿಕ್ಕುಗಳಿಗೂ ವಯಸ್ಸಾಗುತ್ತಿದೆ.

ವಿಸಿಡಿಗೆ ಬೂಷ್ಟಿನ ಕಾಟ ಅಷ್ಟಿಲ್ಲ, ಆದರೆ ಗೀರು ಬಿದ್ದರೆ ಮುಗಿಯಿತು. ಒಂದು ಡಿಸ್ಕಿಗೆ ಸುಮಾರು 74ರಿಂದ 80 ನಿಮಿಷ ಅಷ್ಟೇ ಹಿಡಿಯೋದು. ಹಾಗಾಗಿ ಪಿಕ್ಚರು ಎರಡು ಡಿಸ್ಕು. ಜೋಡಿಯಲ್ಲಿ ಒಂದು ಕಳೆದುಹೋದ ಸಂಗ್ರಹಕಾರನ ಸಂಕಟ ದೇವರಿಗೇ ಪ್ರೀತಿ: ದೆವ್ವ ಎದ್ದಿದ್ದು ಗೊತ್ತು, ಸತ್ತಿದ್ದು ಗೊತ್ತಿಲ್ಲ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಬಿಟ್ಟಾಗ ಕಪಾಟುಗಳು ದಿಢೀರ್ ತುಂಬಿದವು. ಆ ಕಂಪನಿಯೂ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು.

ರಾಮ್ಸೆಗಳ ಮಟ್ಟಿಗೆ ಅದೃಷ್ಟ ಹೊರದೇಶದಿಂದ ಬಂತು. ಬ್ರಿಟಿಷ್ ಲೇಖಕ ಪೀಟ್ ಟೂಮ್ಸ್ ಮತ್ತು ಸಂಗಡಿಗರ ಮೊಂಡೊ ಮಕಾಬ್ರೊ ಸಂಸ್ಥೆ ಮೊದಲು ಇವರ ಪಿಕ್ಚರುಗಳನ್ನು ಎರಡೆರಡಾಗಿ ಡಿವಿಡಿಯಲ್ಲಿ ತಂದಿತು. 2023ರಲ್ಲಿ ನೆಗೆಟಿವ್‌ನಿಂದ ಹೊಸದಾಗಿ ತಯಾರಿಸಿ ಆರು ಪಿಕ್ಚರುಗಳ ಬ್ಲೂ-ರೇ ಪೆಟ್ಟಿಗೆಯನ್ನೇ ಬಿಟ್ಟಿತು. ಇಲ್ಲಿ ಚಾಪೆ ಮೇಲೆ ಕೂತು ನೋಡಿದ್ದನ್ನು ಅಲ್ಲಿನವರು ದುಡ್ಡು ಕೊಟ್ಟು ಕಪಾಟಿಗೇರಿಸಿದರು. ಅಷ್ಟು ಹೊತ್ತಿಗೆ ನಿರ್ದೇಶಕ ಜೋಡಿ ಉಳಿದಿರಲಿಲ್ಲ. ತುಲಸಿ 2018ರ ಡಿಸೆಂಬರಿನಲ್ಲಿ, ಶ್ಯಾಮ್ 2019ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಕ್ಯಾಮೆರಾದ ಗಂಗು 2024ರ ಏಪ್ರಿಲ್‌ನಲ್ಲಿ ಹೋದರು.

ಆರು ಉಳಿದವು, ಸರಿ. ರಾಮ್ಸೆಗಳ ಬೆನ್ನಿಗೆ ಅವರಿಗಿಂತ ಕಡಿಮೆ ದುಡ್ಡಿನಲ್ಲಿ ದೆವ್ವ ಎಬ್ಬಿಸಿದವರ ಗತಿ ಏನು? ಮೋಹನ್ ಭಾಕ್ರಿಯ ‘ಕಬ್ರಸ್ತಾನ್’, ‘ಖೂನಿ ಮುರ್ದಾ’, ವಿನೋದ್ ತಲ್ವಾರರ ‘ವೊಹೀ ಭಯಾನಕ್ ರಾತ್’ ಇವಕ್ಕೆಲ್ಲ ಯಾವ ಪೆಟ್ಟಿಗೆಯವರು ಬರುತ್ತಾರೆ? ಸಂಗ್ರಹಕಾರರು ಬಾಡಿಗೆ ಅಂಗಡಿಯ ಹಳೆ ಮಾಲೀಕರ ಮನೆ ಬಾಗಿಲು ತಟ್ಟುವುದು ಮುಖ್ಯವಾಗಿ ಇಂಥವಕ್ಕಾಗಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇದೆ ನಿಜ. ಆದರೆ ಊರ ಓಣಿಯ ಬಾಡಿಗೆ ಕ್ಯಾಸೆಟ್ಟು ಕಾಯುವ ಕೆಲಸ ಯಾವ ಇಲಾಖೆಯದೂ ಅಲ್ಲ.

ಹಾಗಾಗಿ ಅಟ್ಟದ ಡಬ್ಬ ಇಳಿಸಿದವರು ಗುಜರಿಯವನನ್ನು ಕರೆಯುವ ಮುಂಚೆ ಒಂದೊಂದನ್ನೂ ತಿರುಗಿಸಿ ನೋಡುವುದು ಒಳ್ಳೆಯದು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎಡಗಡೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಮೇಲೆ ಇನ್ನೇನೂ ರೆಕಾರ್ಡ್ ಆಗಲ್ಲ. ಆ ತೂತಿಗೆ ಟೇಪು ಅಂಟಿಸಿದ್ದರೆ, ಒಳಗಿದ್ದ ಪಿಕ್ಚರಿನ ಮೇಲೆ ಯಾರೋ ಬೇರೇನೋ ಹತ್ತಿಸಿದ್ದಾರೆ ಅಂತ ಅರ್ಥ. 1987-88ರ ಭಾನುವಾರದ ‘ರಾಮಾಯಣ’ ಇರಬಹುದು, ಅಕ್ಕನ ಮದುವೆ ಇರಬಹುದು. ಅದನ್ನೂ ಸಂಗ್ರಹಕಾರರು ಎಸೆಯಲ್ಲ, ಕೊನೆಯವರೆಗೆ ಓಡಿಸುತ್ತಾರೆ. ಮದುವೆ ಎರಡು ಗಂಟೆ, ಪಿಕ್ಚರು ಎರಡೂವರೆ ಗಂಟೆ. ಧಾರೆ ಆಯಿತು, ಊಟ ಆಯಿತು, ಹೆಣ್ಣು ಒಪ್ಪಿಸಿ ಎಲ್ಲರೂ ಕಣ್ಣೊರೆಸಿಕೊಂಡರು. ಪರದೆ ಮೇಲೆ ಒಂದು ಕ್ಷಣ ಬಿಳಿ ಚುಕ್ಕೆಗಳ ಮಳೆ, ಆಮೇಲೆ ಗುಡುಗು, ಹಳೆ ಗುಡಿ, ತಲೆ ಕೂಡಿಕೊಂಡು ಎದ್ದು ಬರುತ್ತಿರುವ ಸಾಮ್ರಿ.